ಎಂಟು ಕೊಂಬಿನ ರೌಟರ್

ಬಡಗಿಯ ಮನೆ ರೈಲು ಡಬ್ಬಿಯಂತೆ ಉದ್ದಕ್ಕೆ ಹೋಗುತ್ತಿತ್ತು. ಬೀದಿಗೆ ಅಂಟಿಕೊಂಡು ಅವನ ಬಾಗಿಲು, ಕಿಟಕಿ ಮಾಡುವ ಅಂಗಡಿ, ಅದರ ಹಿಂದೆ ಹಾಲ್, ಹಾಲ್ ದಾಟಿದರೆ ತಾಯಿಯ ಕೋಣೆ, ಆಮೇಲೆ ಅಡುಗೆಮನೆ, ಕಟ್ಟಕಡೆಗೆ ಬಚ್ಚಲು. ನಡುವಿನ ಬಾಗಿಲುಗಳೆಲ್ಲ ಒಂದೇ ನೇರಕ್ಕೆ ಇದ್ದವು. ಮನೆ ಕಟ್ಟಿಸುವಾಗ ಈ ತುದಿಯಿಂದ ಆ ತುದಿಗೆ ದಾರ ಕಟ್ಟಿ, ಮೂರು ದಿನ ಮೇಸ್ತ್ರಿಯ ಪ್ರಾಣ ತಿಂದು ಹಾಗೆ ಕೂರಿಸಿದವನು ಅವನೇ. ಎಲ್ಲ ಬಾಗಿಲು ತೆರೆದಿಟ್ಟು ಅಂಗಡಿಯಲ್ಲಿ ನಿಂತರೆ ಬಚ್ಚಲಿನ ನೀಲಿ ಟೈಲ್ಸ್ ಕಾಣುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸುತ್ತಿದ್ದ. ಬಾಗಿಲು ಮಾಡಿಸಲು ಬಂದವರು ಪಾಪ, ಬಚ್ಚಲು ನೋಡಿಕೊಂಡು ಹೋಗಬೇಕಿತ್ತು. ಏನು ಮಾಡುವುದು, ಒಬ್ಬೊಬ್ಬರಿಗೆ ಒಂದೊಂದು ಜಂಭ.

ಅವನ ತಾಯಿ ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಅನೌನ್ಸರ್ ಆಗಿದ್ದವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಊರಿಗೆಲ್ಲ ಹೇಳಿದವಳು. ಮುಖ ನೋಡಿ ಗುರುತು ಹಿಡಿಯದವರೂ ತರಕಾರಿ ಅಂಗಡಿಯಲ್ಲಿ ಅವಳು ಬಾಯಿ ಬಿಟ್ಟ ಕೂಡಲೇ ತಿರುಗಿ ನೋಡುತ್ತಿದ್ದರು. ಬೀದಿಯವರು ಇಟ್ಟ ಹೆಸರು ಮೈಕಮ್ಮ. ಮಗ ಶಾಲೆ ಬಿಟ್ಟು ಆಟಕ್ಕೆ ಓಡಿದರೆ ಮೂರು ಬೀದಿಯಾಚೆಗೆ ಕೇಳುವ ಹಾಗೆ ಕರೆಯುತ್ತಿದ್ದಳಂತೆ. ಅವನಿಗೋ ಸಂಜೆಯಾದರೆ ಬೇಕಾದಷ್ಟು ನಾಚಿಕೆಯಾಗುತ್ತಿತ್ತು.

ಆ ದನಿ ಎರಡು ವರ್ಷದ ಹಿಂದೆ ಹೋಯಿತು. ಗಂಟಲಲ್ಲಿ ಗಡ್ಡೆ ಎಂದರು, ಆಪರೇಷನ್ ಎಂದರು, ಗಡ್ಡೆಯ ಜೊತೆಗೆ ದನಿಯನ್ನೂ ತೆಗೆದು ಕಳಿಸಿದರು. ಉಳಿದದ್ದು ಬರೀ ಉಸಿರಿನ ಪಿಸುಮಾತು. ಎದುರಿಗೆ ಕೂತು, ಫ್ಯಾನ್ ಆರಿಸಿ, ಬಾಯಿಯ ಹತ್ತಿರ ಕಿವಿ ತಂದರೆ ಮಾತ್ರ ಕೇಳಿಸುವಂಥದ್ದು. ಒಂದು ವಾಕ್ಯಕ್ಕೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

ಬಡಗಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ತಾಯಿಯ ಮೇಲೆ ಪ್ರೀತಿಯಿಲ್ಲ ಎಂದಲ್ಲ. ಪ್ರಾಣವನ್ನೇ ಇಟ್ಟುಕೊಂಡಿದ್ದ. ಆದರೆ ಅವಳು ಉಸಿರೆಳೆದುಕೊಳ್ಳುವ ಪಾಡು ನೋಡಲಾಗದೆ, ಮೊದಲ ಮಾತು ಹೊರಬಿದ್ದ ಕೂಡಲೇ ಉಳಿದದ್ದನ್ನು ತಾನೇ ಹೇಳಿ ಮುಗಿಸುವ ಚಾಳಿ ಹತ್ತಿಸಿಕೊಂಡಿದ್ದ. "ನೀರು..." ಎಂದರೆ "ಬಿಸಿನೀರು ತಾನೇ, ತರ್ತೀನಿ." "ನಿನ್ನ ಅಕ್ಕ..." ಎಂದರೆ "ಫೋನ್ ಮಾಡಿಲ್ಲ ಅಂತ ತಾನೇ, ಮಾಡ್ತಾಳೆ ಬಿಡು." ಅವಳಿಗೆ ಶ್ರಮ ಉಳಿಸುತ್ತಿದ್ದೇನೆ ಎಂದೇ ಅವನ ಎಣಿಕೆ. ಹತ್ತರಲ್ಲಿ ಏಳು ಸಲ ಸರಿಯಾಗಿಯೇ ಇರುತ್ತಿತ್ತು. ಉಳಿದ ಮೂರು ಸಲ ತಾಯಿ ಅವನ ಮುಖ ನೋಡಿ, ಕೈಯಾಡಿಸಿ ಸುಮ್ಮನಾಗುತ್ತಿದ್ದಳು.

ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಹರವುವಾಗ ಅವಳಿಗೆ ತಲೆ ಸುತ್ತಿ ಬಂತು. ಕಲ್ಲಿನ ಮೇಲೆ ಕುಸಿದು ಕೂತವಳನ್ನು ಪಕ್ಕದ ಮನೆಯಾಕೆ ನೋಡಿ ಕೂಗಿದ್ದರಿಂದ ಸರಿಹೋಯಿತು. ಕೂಗಿ ಕರೆಯಲಾಗದ ಮುದುಕಿ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಬಡಗಿ ಅಂದೇ ಒಂದು ಗುಂಡಿ ತಂದ. ಕೊರಳಿಗೆ ಹಾಕಿಕೊಳ್ಳುವ, ಬೆರಳುಗಾತ್ರದ ಬಿಳಿ ಗುಂಡಿ. ಒತ್ತಿದರೆ ಮನೆಯ ವೈಫೈ ಹಿಡಿದು ಅವನ ಫೋನು ಬಡಿದುಕೊಳ್ಳುತ್ತಿತ್ತು.

"ನೋಡಮ್ಮ, ಎಲ್ಲೇ ಇರು, ಇದನ್ನ ಒತ್ತು. ಇಲ್ಲಿ ಸಣ್ಣ ದೀಪ ಮಿನುಗುತ್ತಲ್ಲ, ಮಿನುಗಿದ್ರೆ ನನಗೆ ಮುಟ್ಟಿತು ಅಂತ. ಎದ್ದೆನೋ ಬಿದ್ದೆನೋ ಅಂತ ಬರ್ತೀನಿ," ಎಂದು ಅವಳ ಕೊರಳಿಗೆ ತಾನೇ ಹಾಕಿದ.

ಒತ್ತಿದ್ದು ಮುಟ್ಟಿದರೆ ದೀಪ ಹಸಿರು, ಮುಟ್ಟದಿದ್ದರೆ ಕೆಂಪು ಎಂದು ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ಅವನು ಅದನ್ನು ಓದಿದ್ದ ಕೂಡ. ಆದರೆ ಅವನು ನೋಡಿದ್ದೆಲ್ಲ ಹಸಿರೇ. ಕೆಂಪಿನ ಮಾತು ಯಾಕೆ ಎತ್ತಿ ಮುದುಕಿಯನ್ನು ಗಾಬರಿಪಡಿಸುವುದು ಎಂದು ಬಿಟ್ಟುಬಿಟ್ಟ.

ಮನೆಯ ಹಳೆಯ ರೌಟರ್ ಅಡುಗೆಮನೆಯ ತನಕ ಹೋಗುವಷ್ಟರಲ್ಲಿ ಸುಸ್ತಾಗುತ್ತಿತ್ತು. ಆಗ ಭಾವನಿಗೆ ಫೋನ್ ಮಾಡಿದ. ಅಕ್ಕನ ಗಂಡ ಇಂಟರ್‌ನೆಟ್ ಕಂಪನಿಯೊಂದರಲ್ಲಿ ಮನೆಮನೆಗೆ ಹೋಗಿ ಕನೆಕ್ಷನ್ ಕೊಡುವ ಕೆಲಸದವನು, ಇಡೀ ದಿನ ಏಣಿಯ ಮೇಲೆ ಇರುವವನು.

"ನಿನ್ನ ಮನೆ ಉದ್ದ ಕಣಪ್ಪ. ಒಂದು ರೌಟರ್ ಸಾಲಲ್ಲ. ಮೆಶ್ ಹಾಕ್ಕೋ," ಎಂದ ಭಾವ. "ಮೂರು ಸಣ್ಣ ಡಬ್ಬಿ. ಹಾಲಲ್ಲೊಂದು, ಅಡುಗೆಮನೇಲೊಂದು, ಬಚ್ಚಲ ಪಕ್ಕ ಒಂದು. ಒಂದರ ಕೈಯಿಂದ ಇನ್ನೊಂದು ಸಿಗ್ನಲ್ ಇಸ್ಕೊಂಡು ಮುಂದಕ್ಕೆ ಕೊಡುತ್ತೆ."

ಬೇರೆ ಯಾರು ಹೇಳಿದ್ದರೂ ಬಡಗಿ ಕೇಳುತ್ತಿದ್ದ. ಆದರೆ ಭಾವ ಹೇಳಿದ್ದಲ್ಲವೇ! ಮನೆ ಕಟ್ಟುವಾಗಲೂ ಇದೇ ಭಾವ, ಬಚ್ಚಲಿಗೆ ಮರದ ಬಾಗಿಲು ಬೇಡ, ಎರಡೇ ವರ್ಷಕ್ಕೆ ನೀರು ಕುಡಿದು ಉಬ್ಬುತ್ತದೆ, ಪ್ಲಾಸ್ಟಿಕ್ ಬಾಗಿಲು ಹಾಕು ಎಂದು ಎಲ್ಲರ ಎದುರು ಹೇಳಿದ್ದ. ಬಡಗಿಯ ಮನೆಗೆ ಪ್ಲಾಸ್ಟಿಕ್ ಬಾಗಿಲು! ಮೈಯೆಲ್ಲ ಉರಿದುಹೋಗಿತ್ತು. ಹಠಕ್ಕೆ ಬಿದ್ದು ಒಳ್ಳೆಯ ಮರದ ಬಾಗಿಲು ಮಾಡಿ, ಒಳಮೈಗೆ ಮೇಲಿಂದ ಕೆಳಗಿನ ತನಕ ಅಲ್ಯೂಮಿನಿಯಂ ತಗಡು ಹೊಡೆದಿದ್ದ. ಏಳು ವರ್ಷವಾದರೂ ಒಂದು ಕೂದಲೆಳೆ ಉಬ್ಬಿರಲಿಲ್ಲ. ಭಾವ ಬಂದಾಗಲೆಲ್ಲ ಬಡಗಿ ಆ ಬಾಗಿಲನ್ನು ಸುಮ್ಮಸುಮ್ಮನೆ ಒಮ್ಮೆ ತೆಗೆದು ಹಾಕುತ್ತಿದ್ದ.

ಹಾಗಾಗಿ ಮೆಶ್ ಬರಲಿಲ್ಲ. ಅಂಗಡಿಗೆ ಹೋಗಿ ಇರುವುದರಲ್ಲೇ ದೊಡ್ಡ ರೌಟರ್ ತಂದ. ಎಂಟು ಆಂಟೆನಾ, ಕಪ್ಪು ಮೈ. ಹಾಲಿನ ಗೋಡೆಗೆ ಮರದ ಹಲಗೆ ಹೊಡೆದು ಅದರ ಮೇಲೆ ಕೂರಿಸಿದ. ಬೆನ್ನ ಮೇಲೆ ಬಿದ್ದ ಜೇಡದಂತೆ ಕಾಲು ಮೇಲೆ ಮಾಡಿಕೊಂಡಿತ್ತು. ಹೆಂಡತಿ ಅದಕ್ಕೆ ಎಂಟು ಕೊಂಬಿನ ರಾಕ್ಷಸ ಎಂದು ಹೆಸರಿಟ್ಟಳು.

ಆ ರಾತ್ರಿ ಊಟಕ್ಕೆ ಕೂತಾಗ ತಾಯಿ ಅದನ್ನೇ ನೋಡುತ್ತ ಪಿಸುಗುಟ್ಟಿದಳು. "ನಮ್ಮ ಬಸ್‌ಸ್ಟ್ಯಾಂಡಲ್ಲೂ... ಮೊದಲು... ಒಂದೇ ದೊಡ್ಡ ಹಾರ್ನ್..."

"ನೋಡಿದ್ಯಾ!" ಬಡಗಿ ಹೆಂಡತಿಯ ಕಡೆ ತಿರುಗಿದ. "ಅಮ್ಮನೇ ಹೇಳ್ತಾ ಇದಾಳೆ. ಅಷ್ಟು ದೊಡ್ಡ ಬಸ್‌ಸ್ಟ್ಯಾಂಡಿಗೆ ಮೈಕಿನ ಒಂದೇ ಹಾರ್ನ್ ಸಾಕಾಗಿತ್ತಂತೆ. ಇದ್ಯಾವ ಮಹಾ ಮನೆ!"

"ಅತ್ತೆ ಅದನ್ನ ಹೇಳೋಕೆ ಹೊರಟಿದ್ದಲ್ಲ ಅನ್ಸುತ್ತೆ," ಎಂದಳು ಹೆಂಡತಿ.

"ನನ್ನಮ್ಮ ಏನು ಹೇಳ್ತಾಳೆ ಅಂತ ನನಗೆ ಗೊತ್ತಿಲ್ವಾ?"

ತಾಯಿ ಬೆರಳಿನಿಂದ ಅನ್ನದ ಮೇಲೆ ಅಲ್ಲಲ್ಲಿ ನಾಲ್ಕೈದು ಚುಕ್ಕೆ ಒತ್ತಿ ತೋರಿಸಿದಳು, ಅವನು ನೋಡಲಿಲ್ಲ. ಆಮೇಲೆ ಊಟ ಮುಂದುವರಿಸಿದಳು.

ಮರುದಿನ ಬಡಗಿ ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದ. ಅಳತೆ ಎಂದರೆ ಅವನಿಗೆ ದೇವರು. ಕೋಣೆಯಲ್ಲಿ ಒತ್ತಿಸಿದ, ಅಡುಗೆಮನೆಯಲ್ಲಿ ಒತ್ತಿಸಿದ, ಹಿತ್ತಿಲಲ್ಲಿ, ಬಚ್ಚಲಲ್ಲಿ, ಬಚ್ಚಲಿನ ಮೂಲೆಯಲ್ಲಿ. ಪ್ರತಿ ಸಲವೂ ಫೋನು ಬಡಿದುಕೊಂಡಿತು. ಬಚ್ಚಲಿನ ಬಾಗಿಲು ಮಾತ್ರ ನಾಲ್ಕು ಬೆರಳು ತೆರೆದಿತ್ತು, ಯಾಕೆಂದರೆ ಅದು ಮನೆಯ ಕಾನೂನು. ತಲೆ ಸುತ್ತಿ ಬಂದ ದಿನದಿಂದ ಹೆಂಡತಿ ಹೇಳಿಟ್ಟಿದ್ದಳು, "ಅತ್ತೆ, ಚಿಲಕ ಹಾಕ್ಬೇಡಿ, ಬಾಗಿಲು ಪೂರ್ತಿ ಮುಚ್ಚಲೂಬೇಡಿ. ನಾನು ಅಡುಗೆಮನೇಲೇ ಇರ್ತೀನಿ." ಮುಚ್ಚದ ಬಾಗಿಲನ್ನು ಮುಚ್ಚಿ ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ? ದಾರ ಹಿಡಿದು ಕೂರಿಸಿದ ಬಾಗಿಲುಗಳು, ಒಂದರ ಎದುರು ಒಂದು. ಅವುಗಳ ನಡುವೆ ಸಿಗ್ನಲ್ ಸರಾಗ ಓಡಿ ಹೋಗುತ್ತಿತ್ತು.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ತಾಯಿ ಗುಂಡಿ ಒತ್ತುತ್ತಿದ್ದಳು, ಅವನು ಓಡುತ್ತಿದ್ದ. ಒಮ್ಮೆ ಅಡುಗೆಮನೆಗೆ ಹಾವು ಬಂದಿದೆ ಎಂದು ಒತ್ತಿದಳು, ಹೋಗಿ ನೋಡಿದರೆ ಗ್ಯಾಸಿನ ಪೈಪು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವಳ ನಗುವಿಗೆ ದನಿಯಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಆ ಭಾನುವಾರ ಭಾವ ಬರುತ್ತೇನೆಂದಿದ್ದ. ಕಂಪನಿಯಿಂದ ಮೆಶ್ಶಿನ ಮೂರು ಡಬ್ಬಿ ತರುತ್ತೇನೆ, ಒಂದು ವಾರ ಹಾಕಿ ನೋಡು, ಬೇಡವೆಂದರೆ ಒಯ್ಯುತ್ತೇನೆ ಎಂದು ಅಕ್ಕನ ಕೈಲಿ ಹೇಳಿಸಿದ್ದ. ಬಡಗಿ ಹಲ್ಲು ಕಚ್ಚಿ ಒಪ್ಪಿದ್ದ. ಹೆಂಡತಿ ಪುಸ್ತಕ ಹೊಲಿಯುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅಂದು ಅಲ್ಲಿ ಅರ್ಜೆಂಟು ಎಂದು ಎಂಟಕ್ಕೇ ಹೊರಟುಹೋದಳು. ದಿನಾ ಅವಳು ಇರುವಾಗಲೇ ಆಗುತ್ತಿದ್ದ ತಾಯಿಯ ಸ್ನಾನ ಅಂದು ಹಿಂದೆ ಬಿತ್ತು.

ಹತ್ತೂಕಾಲರ ಹೊತ್ತಿಗೆ ತಾಯಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದಳು. ಬಡಗಿ ಮರ ಕೊಯ್ಯುವ ಮಷೀನು ಓಡಿಸುತ್ತಿದ್ದ. ಅವಳು ತೋಳು ಹಿಡಿದು ಎಳೆದಾಗ ಮಷೀನು ನಿಲ್ಲಿಸಲಿಲ್ಲ, ಬಗ್ಗಿದ ಅಷ್ಟೇ.

"ಬಾಗಿಲು..." ಎಂದಳು.

"ಪೂರ್ತಿ ಹಾಕ್ಬೇಡ, ನಾಲ್ಕು ಬೆರಳು ಬಿಡು. ಅದೇ ತಾನೇ? ಹೋಗಮ್ಮ, ನೀರು ಕಾದಿದೆ."

ಅವಳು ಅಲ್ಲವೆಂದು ತಲೆಯಾಡಿಸಿದಳು. ಒಂದು ಬೆರಳು ಎತ್ತಿ, ಉಸಿರು ಎಳೆದುಕೊಂಡು, ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಬೀದಿಯಲ್ಲಿ ಭಾವನ ಬೈಕು ನಿಂತ ಸದ್ದಾಯಿತು. ಹನ್ನೆರಡಕ್ಕೆ ಬರುತ್ತೇನೆಂದವನು ಹತ್ತೂಕಾಲಿಗೇ ವಕ್ಕರಿಸಿದ್ದ. ತಾಯಿ ಟವೆಲ್ಲನ್ನು ಎದೆಗೆ ಒತ್ತಿಕೊಂಡು, ಮಗನ ತೋಳನ್ನು ಇನ್ನೊಮ್ಮೆ ಹಿಡಿದು, ಬಿಟ್ಟು, ಒಳಗೆ ಹೊರಟುಹೋದಳು.

ಭಾವ ಹಾಲಿನಲ್ಲಿ ಕೂತು ಚೀಲದಿಂದ ಮೂರು ಬಿಳಿ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟ. ಅಂಗೈಯಗಲದ ಡಬ್ಬಿಗಳು. ಬಡಗಿ ಕಾಫಿ ಕೊಟ್ಟ, ಕೊಟ್ಟವನೇ ಶುರುಮಾಡಿದ.

"ಇಷ್ಟೇ ಇಷ್ಟಿದಾವೆ. ಇವು ನನ್ನ ಎಂಟು ಆಂಟೆನಾ ಮುಂದೆ ಏನು ಮಾಡ್ತಾವೆ ಭಾವ?"

"ಆಂಟೆನಾ ಎಣಿಸೋದಲ್ಲಪ್ಪ. ಒಬ್ಬ ಎಷ್ಟೇ ಜೋರಾಗಿ ಕೂಗಲಿ, ನಡುವೆ ಗೋಡೆ ಬಂದ್ರೆ ಮುಗೀತು. ಗೋಡೆಗೊಬ್ಬರು ನಿಂತು ಮಾತು ದಾಟಿಸಿದ್ರೆ..."

"ನನ್ನ ಮನೇಲಿ ಗೋಡೆ ಎಲ್ಲಿ ಅಡ್ಡ ಬರುತ್ತೆ? ಬಾಗಿಲೆಲ್ಲ ಒಂದೇ ಲೈನಲ್ಲಿದೆ. ಬೇಕಾದ್ರೆ ದಾರ ಹಿಡಿದು ನೋಡಿ."

"ನೋಡಿದೀನಿ ಬಿಡು. ಎಷ್ಟು ಸಲ ತೋರಿಸಿದೀಯ."

ಹೀಗೆ ಹೋಯಿತು. ಬಡಗಿಗೆ ಅಂದು ಬಹಳ ವರ್ಷದ ಮೇಲೆ ಮಾತು ಸಲೀಸಾಗಿ ಬರುತ್ತಿತ್ತು. ಭಾವ ಒಂದು ಹೇಳಿದರೆ ಇವನು ಎರಡು ಹೇಳುತ್ತಿದ್ದ. ಬಚ್ಚಲಿನ ಕಡೆಯಿಂದ ನಲ್ಲಿ ಬಿಟ್ಟ ಸದ್ದು ಸಣ್ಣಗೆ ಕೇಳುತ್ತಿತ್ತು. ತಾಯಿಯ ಸ್ನಾನ ಯಾವಾಗಲೂ ನಿಧಾನವೇ. ಹನ್ನೊಂದು ಹೊಡೆಯಲು ಏಳೆಂಟು ನಿಮಿಷವಿರುವಾಗ ಬಡಗಿ ತನ್ನ ಫೋನು ತೆಗೆದು ಡಬ್ಬಿಗಳ ಪಕ್ಕಕ್ಕೆ ಇಟ್ಟ.

"ಇದನ್ನೇ ಕೇಳಿ ಭಾವ. ಗೋಡೆಗಡಿಯಾರ ನೋಡಿ, ಹನ್ನೊಂದಾಗ್ತಾ ಬಂತು. ಬೆಳಿಗ್ಗೆಯಿಂದ ಒಂದು ಸಲಾನೂ ಬಡ್ಕೊಂಡಿಲ್ಲ. ಅಂದ್ರೇನು? ಅಮ್ಮ ಆರಾಮಾಗಿದಾಳೆ ಅಂತ. ಏನಾದ್ರೂ ಆದ್ರೆ ಒಂದೇ ಒಂದು ಒತ್ತು ಸಾಕು, ನಾನು ಅಲ್ಲಿರ್ತೀನಿ."

ಭಾವ ಫೋನು ನೋಡಿದ, ಕಾಫಿಯ ಲೋಟ ಕೆಳಗಿಟ್ಟ. ಇನ್ನೊಂದಷ್ಟು ಹೊತ್ತು ಕಂಪನಿಯ ಮಾತು, ಅಕ್ಕನ ಮಂಡಿನೋವಿನ ಮಾತು ಆಯಿತು. ಕೊನೆಗೆ ಭಾವ ಎದ್ದ. "ಸರಿಯಪ್ಪ, ನಾನೊಂದು ಸಲ ಅಳೆದು ನೋಡ್ತೀನಿ. ಸಿಕ್ಕಿದ್ರೆ ನನ್ನ ಡಬ್ಬಿ ನಾನು ತಗೊಂಡು ಹೋಗ್ತೀನಿ." ಅವನ ಫೋನಿನಲ್ಲಿ ಸಿಗ್ನಲ್ ಅಳೆಯುವ ಆ್ಯಪ್ ಒಂದಿತ್ತು. ಅದನ್ನು ಎದುರಿಗೆ ಹಿಡಿದು ನಡೆದ. ಕೋಣೆಯಲ್ಲಿ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಅರ್ಧಕ್ಕೆ ಇಳಿಯಿತು. ಇನ್ನೆರಡು ಹೆಜ್ಜೆ ಇಟ್ಟವನು, ಬಚ್ಚಲಲ್ಲಿ ಹೆಂಗಸರಿದ್ದಾರೆಂದು ಅಲ್ಲೇ ನಿಂತು, ಕೈ ಮಾತ್ರ ಮುಂದಕ್ಕೆ ಚಾಚಿ ನೋಡಿದ.

"ಇಲ್ಲೇ ಇಷ್ಟು ಕಡಿಮೆ ಇದೆ. ಆ ಬಾಗಿಲಿಗೆ ತಗಡು ಬೇರೆ ಹೊಡ್ದಿದೀಯ. ಅದರೊಳಗೆ ಏನೂ ಹೋಗಲ್ಲ ಕಣಯ್ಯ."

"ಅಯ್ಯೋ, ಆ ಬಾಗಿಲು ಯಾವತ್ತೂ ಮುಚ್ಚಲ್ಲ ಭಾವ. ನಾಲ್ಕು ಬೆರಳು..." ಎನ್ನುತ್ತ ಬಡಗಿ ಮುಂದೆ ನೋಡಿದ.

ಬಾಗಿಲು ಮುಚ್ಚಿತ್ತು. ಅವನೇ ಕೂರಿಸಿದ ಬಾಗಿಲು, ಚೌಕಟ್ಟಿಗೆ ಕೂದಲು ತೂರದ ಹಾಗೆ ಕೂತಿತ್ತು. ಕೆಳಗಿನಿಂದ ನೀರು ಹರಿದು ಅಡುಗೆಮನೆಯ ಹೊಸ್ತಿಲ ತನಕ ಬಂದಿತ್ತು. ಅವನು ಎರಡೇ ಹೆಜ್ಜೆಗೆ ಬಾಗಿಲ ಹತ್ತಿರ ಹೋದ.

"ಅಮ್ಮಾ?"

ಉತ್ತರ ಬರುವುದಾದರೂ ಹೇಗೆ? ಚಿಲಕ ಹಾಕಿರಲಿಲ್ಲ, ಸೊಸೆಯ ಮಾತನ್ನು ಅಷ್ಟರ ಮಟ್ಟಿಗೆ ನಡೆಸಿಕೊಟ್ಟಿದ್ದಳು. ತಳ್ಳಿದರೆ ಬಾಗಿಲು ಒಂದು ಗೇಣು ತೆರೆದು ಏನಕ್ಕೋ ತಾಗಿ ನಿಂತಿತು. ತಾಗಿದ್ದು ಅವಳ ಮೊಣಕಾಲು. ಸಂದಿನಲ್ಲಿ ನುಸುಳಿ ಒಳಗೆ ಹೋದ. ತಾಯಿ ಒಂದು ಮಗ್ಗುಲಾಗಿ ಬಿದ್ದಿದ್ದಳು, ಮೈಮೇಲೆ ಒದ್ದೆ ಟವೆಲ್ಲು ಎಳೆದುಕೊಂಡಿದ್ದಳು. ನಲ್ಲಿ ಸುರಿಯುತ್ತಲೇ ಇತ್ತು. ತುಟಿ ನೀಲಿಗಟ್ಟಿತ್ತು. ಕಣ್ಣು ತೆರೆದಿದ್ದವು. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಮಗನನ್ನು ಕಂಡು ಅವಳು ಮಾಡಿದ ಮೊದಲ ಕೆಲಸ ಟವೆಲ್ಲು ಸರಿಮಾಡಿಕೊಂಡದ್ದು, ಹಿಂದೆ ಅಳಿಯನ ದನಿ ಕೇಳುತ್ತಿತ್ತಲ್ಲ.

ಭಾವ ಮುಖ ತಿರುಗಿಸಿಕೊಂಡೇ ಕಂಬಳಿ ತಂದುಕೊಟ್ಟ, ಆಂಬುಲೆನ್ಸಿಗೆ ಫೋನ್ ಮಾಡಿದ. ಬಡಗಿ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡ. ಮುಟ್ಟಿದ ಕಡೆಯೆಲ್ಲ ತಣ್ಣಗಿದ್ದಳು. ಹೊಸ್ತಿಲು ದಾಟಿ ಅಡುಗೆಮನೆಗೆ ಕಾಲಿಟ್ಟನೋ ಇಲ್ಲವೋ, ಹಾಲಿನಲ್ಲಿ ಟೀಪಾಯಿಯ ಮೇಲೆ ಅವನ ಫೋನು ಬಡಿದುಕೊಳ್ಳಲು ಶುರುಮಾಡಿತು. ಒಂದು. ಎರಡು. ನಿಲ್ಲಲೇ ಇಲ್ಲ. ಅದು ಏಳು ಸಲ ಬಡಿದುಕೊಂಡಿತು.

ಆ ಗುಂಡಿಯ ಗುಣವೇ ಅದಂತೆ. ಸಿಗ್ನಲ್ ಸಿಗದಿದ್ದರೆ ಒತ್ತಿದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಸಿಕ್ಕಿದ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಒತ್ತಿದ ಹೊತ್ತನ್ನೂ ಬರೆದು ಕಳಿಸುತ್ತದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಡಗಿ ಅದನ್ನು ಓದಿದ. ಹತ್ತು ನಲವತ್ತೆರಡಕ್ಕೆ ಮೂರು ಸಲ. ಹತ್ತು ಐವತ್ತಮೂರಕ್ಕೆ ಮೂರು ಸಲ. ಹನ್ನೊಂದು ಹದಿನೈದಕ್ಕೆ ಒಂದೇ ಸಲ. ಆ ಲೆಕ್ಕ ಅವನಿಗೆ ಗೊತ್ತಿದ್ದದ್ದೇ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಅನೌನ್ಸರ್ ಕೋಣೆಯ ಮೂಲೆಯಲ್ಲಿ ಕೂತು ಎಷ್ಟು ಸಲ ಕೇಳಿದ್ದನೋ. ಬಸ್ಸು ಹೊರಡುವ ಮುಂಚೆ ಮೂರು ಸಲ ಹೇಳಬೇಕು. ಆಮೇಲೆ ಸುಮ್ಮನಿರಬೇಕು, ಜನ ಬರಲು ಹೊತ್ತು ಕೊಡಬೇಕು. ಮತ್ತೆ ಮೂರು ಸಲ. ಬಸ್ಸು ಹೊರಡುವಾಗ ಒಂದೇ ಸಲ, ಕೊನೆಯ ಕರೆ. "ಜನಕ್ಕೆ ಗಾಬರಿ ಮಾಡಬಾರದು ಕಣೋ," ಎನ್ನುತ್ತಿದ್ದಳು ಆಗ, "ಕರೆದ ಮೇಲೆ ಬರೋಕೆ ಬಿಡಬೇಕು."

ಹತ್ತು ಐವತ್ತಮೂರಕ್ಕೆ ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ನೆನಪಿತ್ತು. ಗೋಡೆಗಡಿಯಾರ ತೋರಿಸುತ್ತಿದ್ದ. ಆ ಫೋನನ್ನು ಎತ್ತಿ ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಡಾಕ್ಟರು ಕರೆದರು.

ಸೊಂಟದ ಮೂಳೆ ಮುರಿದಿತ್ತು. ತಣ್ಣೀರಲ್ಲಿ ಬಿದ್ದಿದ್ದಕ್ಕೆ ಎದೆಗೂ ಹಿಡಿದುಕೊಂಡಿತು. ಮೂರು ವಾರ ಅಲ್ಲಿಟ್ಟುಕೊಂಡು ಮನೆಗೆ ಕಳಿಸುವಾಗ ಡಾಕ್ಟರು, ಇನ್ನು ಇವರು ಎದ್ದು ಓಡಾಡುವುದು ಕಷ್ಟ, ಎದೆಯೂ ಮೊದಲಿನಂತೆ ಆಗುವುದಿಲ್ಲ, ಎಷ್ಟು ದಿನವೋ ಅಷ್ಟು ದಿನ ಚೆನ್ನಾಗಿ ನೋಡಿಕೊಳ್ಳಿ ಎಂದರು. ಹೆಂಡತಿ, "ಅವತ್ತು ನಾನು ಸ್ನಾನ ಮಾಡಿಸಿಯೇ ಹೋಗ್ಬೇಕಿತ್ತು," ಎಂದು ದಿನಾ ಹೇಳಿಕೊಂಡು ಅತ್ತಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಭಾವನೂ ಅನ್ನಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗಲೇ ಬಂದು, ಎಂಟು ಕೊಂಬಿನದನ್ನು ಬಿಚ್ಚಿ, ಮೂರು ಬಿಳಿ ಡಬ್ಬಿ ಹಾಕಿ ಹೋಗಿದ್ದ. ಬಚ್ಚಲಿನ ಒಳಗೇ ಒಂದು, ನೀರು ತಾಗದ ಹಾಗೆ ಮೇಲಿನ ಮೂಲೆಯಲ್ಲಿ. ಬಡಗಿ ತಗಡಿನ ಬಾಗಿಲು ಬಿಗಿಯಾಗಿ ಮುಚ್ಚಿಕೊಂಡು ಒಳಗೆ ನಿಂತು ಗುಂಡಿ ಒತ್ತಿದ. ದೀಪ ಹಸಿರಾಯಿತು, ಹೊರಗೆ ಫೋನು ಬಡಿದುಕೊಂಡಿತು. ಇನ್ನು ಆ ಬಚ್ಚಲಿಗೆ ನಡೆದು ಹೋಗುವವರು ಯಾರು? ಅಲ್ಲಿ ನಿಂತೇ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ. ಹೊರಗೆ ಬಂದವನು ಗುಂಡಿಯನ್ನು ಮತ್ತೆ ತಾಯಿಯ ಕೊರಳಿಗೆ ಹಾಕಿದ. ಅವಳು ತಲೆಯೆತ್ತಿ ಹಾಕಿಸಿಕೊಂಡಳು.

ಹಾಕಿಸಿಕೊಂಡಳು, ಆದರೆ ಒತ್ತಲಿಲ್ಲ. ಒಂದು ದಿನ, ಎರಡು ದಿನ, ಹತ್ತು ದಿನ. ಬಡಗಿ ಅಂಗಡಿಯಲ್ಲಿ ಫೋನನ್ನು ಎದುರಿಗೇ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ, ಅದು ತೆಪ್ಪಗೆ ಬಿದ್ದಿರುತ್ತಿತ್ತು. ಒಂದು ಮಧ್ಯಾಹ್ನ ಸುಮ್ಮನೆ ಒಳಗೆ ಬಂದು ನೋಡಿದರೆ ತಾಯಿಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ನೀರಿನ ಲೋಟ ಕೈಗೆಟುಕದ ಕಡೆ ಇತ್ತು. ಎಷ್ಟು ಹೊತ್ತಿನಿಂದ ಅದನ್ನೇ ನೋಡುತ್ತ ಮಲಗಿದ್ದಳೋ.

"ಯಾಕಮ್ಮ ಒತ್ತಲಿಲ್ಲ?" ನೀರು ಕುಡಿಸುತ್ತ ಕೇಳಿದ. "ಈಗ ಎಲ್ಲ ಸರಿಯಾಗಿದೆ. ನಾನೇ ನೋಡಿದೀನಿ."

ಅವಳು ಬಾಯಿ ತೆರೆದಳು. "ಅವತ್ತು..."

"ಅವತ್ತು ಸಿಗ್ನಲ್ ಇರ್ಲಿಲ್ಲ ಅಂತ..." ಎಂದವನು ತುಟಿ ಕಚ್ಚಿಕೊಂಡ. ಎದ್ದು ಫ್ಯಾನ್ ಆರಿಸಿದ. ಮಂಚದ ಪಕ್ಕ ನೆಲದ ಮೇಲೆ ಕೂತು ಅವಳ ಬಾಯಿಯ ಹತ್ತಿರ ಕಿವಿ ಇಟ್ಟ. "ಹೇಳಮ್ಮ. ಎಷ್ಟು ಹೊತ್ತಾದ್ರೂ ಸರಿ."

ಅವಳು ಹೇಳಿದಳು. ನಡುನಡುವೆ ನಿಲ್ಲಿಸಿ, ಕಣ್ಣು ಮುಚ್ಚಿ, ಉಸಿರು ಕೂಡಿಸಿಕೊಂಡು ಹೇಳಿದಳು.

"ಅವತ್ತು ಬೆಳಿಗ್ಗೆ... ಕೇಳೋಕೆ ಬಂದಿದ್ದೆ. ಅಳಿಯಂದಿರು ಬರ್ತಾರೆ... ಬಾಗಿಲು ತೆರೆದಿಟ್ಟು ಹೇಗೆ ಸ್ನಾನ ಮಾಡಲಿ... ಮುಚ್ಚಿಕೊಂಡ್ರೂ ಗುಂಡಿ ಕೇಳ್ಸುತ್ತಾ ಅಂತ."

ಬಡಗಿ ಕಿವಿಯನ್ನು ಇನ್ನೂ ಹತ್ತಿರ ತಂದ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ಬಿದ್ದಾಗ ಚೊಂಬು ಕೈಲೇ ಇತ್ತು... ತಗಡಿನ ಬಾಗಿಲು... ಒಂದೇಟು ಹೊಡೆದಿದ್ರೆ... ಬೀದಿಗೆ ಕೇಳ್ತಿತ್ತು."

"ಹೊಡೀಬೇಕಿತ್ತಲ್ಲಮ್ಮ! ಯಾಕಮ್ಮ ಹೊಡೀಲಿಲ್ಲ?"

"ದೀಪ ಮಿನುಗ್ತಲ್ಲ... ಒತ್ತಿದಾಗೆಲ್ಲ ಮಿನುಗ್ತು. ಕೆಂಪಗೆ. ನಿನಗೆ ಮುಟ್ಟಿತು ಅಂದ್ಕೊಂಡೆ." ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ನೀವು ಮಾತಾಡೋದು ಕೇಳ್ತಿತ್ತು ಕಣೋ... ಭಾವನ ಹತ್ರ ಮಾತು ಮುಗಿಸಿ... ಬರ್ತಾನೆ ಅಂತ... ಸುಮ್ಮನಿದ್ದೆ."

ಹತ್ತು ನಲವತ್ತೆರಡರಿಂದ ಹನ್ನೊಂದು ಇಪ್ಪತ್ತರ ತನಕ, ಮೂವತ್ತೆಂಟು ನಿಮಿಷ. ಮಗನಿಗೆ ಗೊತ್ತಾಗಿದೆ, ಗೊತ್ತಾಗಿಯೂ ಕೂತು ಮಾತಾಡುತ್ತಿದ್ದಾನೆ ಎಂದುಕೊಂಡೇ ಅವಳು ಆ ನೀರಿನಲ್ಲಿ ಮಲಗಿದ್ದಳು. ಅದಕ್ಕೆ ಸಿಟ್ಟೂ ಮಾಡಿಕೊಂಡಿರಲಿಲ್ಲ. ಬಡಗಿ ಕೆಂಪು ದೀಪದ ವಿಷಯ ಹೇಳಿದ. ಬೇರೆ ಬೇರೆ ಮಾತಿನಲ್ಲಿ ನಾಲ್ಕೈದು ಸಲ ಹೇಳಿದ. ನನಗೆ ಮುಟ್ಟಲಿಲ್ಲಮ್ಮ, ನನ್ನಾಣೆಗೂ ಮುಟ್ಟಲಿಲ್ಲ ಎಂದ. ಅವಳು ಆಯಿತು ಆಯಿತು ಎಂದು ತಲೆಯಾಡಿಸಿ, ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಮರದ ಪುಡಿಯನ್ನು ಬೆರಳಿನಿಂದ ತೆಗೆಯುತ್ತ ಮಲಗಿದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಆ ಸಂಜೆ ಬಡಗಿ ಬಚ್ಚಲಿನ ಚೊಂಬನ್ನೂ ಒಂದು ಸ್ಟೀಲ್ ಚಮಚವನ್ನೂ ತಂದು, ಬೇಕಾದಾಗ ಬಡಿದು ಕರೆಯಲೆಂದು, ಅವಳ ದಿಂಬಿನ ಪಕ್ಕ ಇಟ್ಟ. ಈಗಲೂ ಮೂರು ಬಿಳಿ ಡಬ್ಬಿಗಳು ಗೋಡೆಯ ಮೇಲೆ ಹಸಿರು ದೀಪ ಹಚ್ಚಿಕೊಂಡು ಕೂತಿವೆ, ಮನೆಯ ಮೂಲೆಮೂಲೆಗೂ ಸಿಗ್ನಲ್ ಇದೆ. ಅಂಗಡಿಯಲ್ಲಿ ಬಡಗಿ ಹತ್ತು ನಿಮಿಷಕ್ಕೊಮ್ಮೆ ಮರ ಕೊಯ್ಯುವ ಮಷೀನು ನಿಲ್ಲಿಸಿ, ಬಾಗಿಲುಗಳ ಸಾಲಿನ ಕಡೆಗೆ ಕಿವಿಗೊಟ್ಟು ನಿಲ್ಲುತ್ತಾನೆ. ಏನಾಯಿತು ಎಂದು ಗಿರಾಕಿಗಳು ಕೇಳುತ್ತಾರೆ. ಏನಿಲ್ಲ ಎಂದು ಹೇಳಿ ಮತ್ತೆ ಕೆಲಸ ಶುರುಮಾಡುತ್ತಾನೆ.